ಜೇಬಿನ ಕ್ಯಾಮೆರಾ, ಪುಷ್ಕರದ ಕುದುರೆಗಳು

ಮೈಸೂರು–ಅಜ್ಮೇರ್ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಅಜ್ಮೇರದಲ್ಲಿ ಇಳಿದಾಗ ನನ್ನ ಬಳಿ ಇದ್ದದ್ದು ಒಂದು ಬಟ್ಟೆಚೀಲ ಮತ್ತು ಅಂಗಿಯ ಜೇಬಿನಲ್ಲಿ ಹಿಡಿಸುವ ಒಂದು ಪುಟ್ಟ ಕ್ಯಾಮೆರಾ ಮಾತ್ರ. ಅಲ್ಲಿಂದ ನಾಗಪಹಾಡದ ತಿರುವುಗಳನ್ನು ಹತ್ತಿ ಇಳಿದರೆ ಪುಷ್ಕರ. ಪ್ರತಿ ವರ್ಷ ಇಲ್ಲಿ ಜಾನುವಾರು ಜಾತ್ರೆ ನೆರೆಯುವ ಕಾರ್ತಿಕ ಹುಣ್ಣಿಮೆಗೆ ಇನ್ನೂ ಏಳು ದಿನಗಳಿದ್ದವು. ಹುಣ್ಣಿಮೆಯ ಪುಣ್ಯಸ್ನಾನಕ್ಕೆ ಯಾತ್ರಿಕರು ಸರೋವರದ ಘಟ್ಟಗಳಲ್ಲಿ ಕಿಕ್ಕಿರಿಯುವ ಹೊತ್ತಿಗೆ ಕುದುರೆ ವ್ಯಾಪಾರಿಗಳಲ್ಲಿ ಬಹುಪಾಲು ಮಂದಿ ಡೇರೆ ಕಿತ್ತು ಹೊರಟಿರುತ್ತಾರೆ. ಆದ್ದರಿಂದ ಕುದುರೆಗಾಗಿ ಹೋಗುವವರು ಇಷ್ಟು ಮುಂಚಿತವಾಗಿಯೇ ಹೋಗಬೇಕು.

ನನ್ನ ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವ ಬಿಲ್ಲೆ, ಅಂದರೆ ಸೆನ್ಸರ್, ಒಂದು ಇಂಚಿನದು ಎಂದು ಕರೆಯಲಾಗುವ ಬಗೆ. ಹೆಸರಿಗೆ ಇಂಚು; ಅಳೆದರೆ 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ. ಮೊದಲ ಬೆಳಿಗ್ಗೆ ಉತ್ಸಾಹದಲ್ಲಿ ಒಂದು ಕಂದು ಕುದುರೆಯ ಮೂತಿಯ ಹತ್ತಿರವೇ ನಿಂತು, ಜೂಮ್ ಮಾಡದೆ, ಪೂರ್ತಿ ಅಗಲದ ನೋಟದಲ್ಲಿ ಐವತ್ತರಷ್ಟು ಚಿತ್ರ ತೆಗೆದೆ. ಎಲ್ಲದರಲ್ಲಿಯೂ ತಲೆ ಕುಂಬಳಕಾಯಿಯಂತೆ ಉಬ್ಬಿ, ಹಿಂಗಾಲುಗಳು ಮೇಕೆಯ ಕಾಲಿನಂತೆ ಸೊರಗಿದ್ದವು. ಅದು ಕ್ಯಾಮೆರಾದ ದೋಷವಲ್ಲ, ನಾನು ನಿಂತ ದೂರದ ದೋಷ. ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿದು, ಜೂಮನ್ನು ಕೊನೆಯವರೆಗೆ ಎಳೆದು, ಕ್ಯಾಮೆರಾ ಕುದುರೆಯ ಎದೆಯ ಮಟ್ಟಕ್ಕೆ ಬರುವಂತೆ ಮಂಡಿಯೂರಿ ಕುಳಿತ ಮೇಲೆ ಅದೇ ಪ್ರಾಣಿ ತನ್ನ ನಿಜವಾದ ಅಳತೆಗೆ ಮರಳಿತು.

ಈ ಕಸರತ್ತನ್ನೆಲ್ಲ ಬೀಡಿ ಸೇದುತ್ತ ನೋಡುತ್ತಿದ್ದ ಒಬ್ಬ ಮುದುಕ, ಜೋಧಪುರದ ಕಡೆಯ ವ್ಯಾಪಾರಿ, ನನ್ನನ್ನು ತನ್ನ ಡೇರೆಗೆ ಕರೆದ. ಅವನ ಬಳಿ ಮೂರು ಮಾರವಾಡಿ ಕುದುರೆಗಳಿದ್ದವು. ಈ ತಳಿಯ ಗುರುತೇ ಕಿವಿ: ಎರಡೂ ಒಳಕ್ಕೆ ಬಾಗಿ, ನಿಮಿರಿದಾಗ ತುದಿಗಳು ಒಂದನ್ನೊಂದು ಮುಟ್ಟುತ್ತವೆ. ಆದರೆ ಕುದುರೆಗೆ ಬೇಸರವಾದರೆ ಕಿವಿ ಪಕ್ಕಕ್ಕೆ ಜೋತುಬೀಳುತ್ತದೆ, ಸಿಟ್ಟು ಬಂದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಎರಡರಲ್ಲಿಯೂ ಚಿತ್ರ ಕೆಟ್ಟಂತೆಯೇ. ಮುದುಕ ಜೇಬಿನಿಂದ ಖಾಲಿ ಬಿಸ್ಕತ್ ಪೊಟ್ಟಣವೊಂದನ್ನು ತೆಗೆದು, ನನ್ನ ಹೆಗಲ ಹಿಂದೆ ನಿಂತು, ಚರಪರ ಎನ್ನಿಸಿದ. ಆ ಕ್ಷಣಕ್ಕೆ ಕಿವಿಗಳು ಚಿಮ್ಮಿ ಮುಂದೆ ಬಂದು, ನೆತ್ತಿಯ ಮೇಲೆ ಒಂದು ಪುಟ್ಟ ಕಮಾನು ಕಟ್ಟಿದಂತಾಯಿತು. ಈ ಉಪಾಯ ಮೂರು ಸಲ ನಡೆಯುತ್ತದೆ, ಪೊಟ್ಟಣ ಖಾಲಿ ಎಂಬುದು ನಾಲ್ಕನೆಯ ಸಲಕ್ಕೆ ಕುದುರೆಗೆ ಗೊತ್ತಾಗಿರುತ್ತದೆ.

ಕುದುರೆಗೆ ಸುತ್ತಲಿನ ಬಹುಪಾಲು ದೃಶ್ಯ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಆದ್ದರಿಂದ ಭುಜದ ಕಡೆಯಿಂದ ಮಾತಾಡುತ್ತ ಬಾ, ಫ್ಲ್ಯಾಶ್ ಹಾಕಬೇಡ ಎಂದು ಅವನು ಹೇಳಿಕೊಟ್ಟ. ಕುತ್ತಿಗೆಯ ರೋಮ ಸುತ್ತಿಕೊಂಡ ಜಾಗವನ್ನು ಬೆರಳಿನಿಂದ ತೋರಿಸಿ, ಇದು ದೇವಮನ್, ಇದಿದ್ದರೆ ಬೆಲೆ ಹೆಚ್ಚು ಎಂದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿಯ ಸುಳಿ ನೋಡಿ ವ್ಯಾಪಾರ ಕುದುರಿಸುವವರನ್ನು ಕಂಡಿದ್ದ ನನಗೆ ಈ ಮಾತು ಪರಕೀಯವೆನಿಸಲಿಲ್ಲ. ಆ ಸುಳಿಯನ್ನು ಹತ್ತಿರದಿಂದ ತೆಗೆದ ಚಿತ್ರವೇ ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು. ಹಿಡಿಯಷ್ಟು ರೋಮ, ನಡುವೆ ಕಣಜದ ಗೂಡಿನ ಬಾಯಿಯಂತಹ ಒಂದು ಚುಕ್ಕಿ, ಸುತ್ತ ಬೆಳಗಿನ ಓರೆಬಿಸಿಲು.

ಸಂಜೆ ಮೈದಾನದಲ್ಲಿ ಸವಾರರು ಕುದುರೆಗಳನ್ನು ಓಡಿಸಿ ತೋರಿಸುತ್ತಾರೆ. ಮಾರವಾಡಿಯ ರೇವಾಲ್ ನಡಿಗೆ ವೇಗವಾಗಿದ್ದರೂ ಸವಾರನ ಕೈಯಲ್ಲಿನ ಲೋಟದ ನೀರು ತುಳುಕುವುದಿಲ್ಲ ಎಂಬುದು ಅಲ್ಲಿನವರ ಹೆಮ್ಮೆ; ಅದಕ್ಕೆ ಸೆಕೆಂಡಿನ 500ನೇ ಒಂದು ಭಾಗದ ಶಟರ್ ಸಾಕಾಗುತ್ತಿತ್ತು. ನಾಗಾಲೋಟಕ್ಕೆ 1000ನೇ ಒಂದು ಭಾಗವಾದರೂ ಬೇಕು, ಅಷ್ಟಾದರೂ ಪುಟ್ಟ ಕ್ಯಾಮೆರಾ ಗುಂಡಿ ಒತ್ತಿದ ಮೇಲೆ ಒಂದಿಷ್ಟು ತಡಮಾಡುತ್ತದೆ. ಕುದುರೆ ಯಾವ ಜಾಗವನ್ನು ದಾಟುತ್ತದೆಯೋ ಅಲ್ಲಿನ ನೆಲಕ್ಕೆ ಮೊದಲೇ ಫೋಕಸ್ ಕಟ್ಟಿ, ಅದು ಬರುವ ಮುನ್ನವೇ ಒತ್ತಿಹಿಡಿದು ಸರಣಿ ಚಿತ್ರ ತೆಗೆಯುವುದು ನನಗೆ ಫಲಿಸಿದ ಒಂದೇ ದಾರಿ. ಹಳೆಯ ಚಿತ್ರಕಾರರು ಓಡುವ ಕುದುರೆಯ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿಸಿ ಅದನ್ನು ಗಾಳಿಯಲ್ಲಿ ತೇಲಿಸುತ್ತಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲು ಕ್ಯಾಮೆರಾಗಳನ್ನಿಟ್ಟು, ನಾಲ್ಕೂ ಗೊರಸುಗಳು ನೆಲ ಬಿಡುವುದು ನಿಜವಾದರೂ ಅದು ಕಾಲುಗಳು ಹೊಟ್ಟೆಯ ಕೆಳಗೆ ಒಟ್ಟುಗೂಡಿದಾಗ ಎಂದು ತೋರಿಸಿದ. ನನ್ನ ಸರಣಿಯಲ್ಲಿಯೂ ಇಪ್ಪತ್ತಕ್ಕೊಂದು ಚಿತ್ರದಲ್ಲಿ ಆ ಕ್ಷಣ ಸಿಕ್ಕಿತ್ತು. ಹೇಳಲು ಸಂಕೋಚವಾಗುತ್ತದೆ, ನೋಡಲು ಅದು ಅಷ್ಟೇನೂ ಚೆಲುವಾಗಿರಲಿಲ್ಲ. ಹಳೆಯ ಚಿತ್ರಕಾರರ ಸುಳ್ಳಿನ ಕಾರಣ ನನಗೆ ಆಗ ಅರ್ಥವಾಯಿತು.

ಮೂರನೆಯ ದಿನ ಧೂಳು ಗೆದ್ದಿತು. ಇಂತಹ ಕ್ಯಾಮೆರಾದ ಜೂಮ್ ಕೊಳವೆ ಹೊರಗೆ ಬಂದು ಒಳಗೆ ಹೋಗುವಾಗ ತಿದಿಯಂತೆ ಗಾಳಿಯನ್ನೂ ಧೂಳನ್ನೂ ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಲು ಬಾರದ್ದರಿಂದ ಒಳಗೆ ಕೂತ ಕಣವನ್ನು ನಾವೇ ಒರೆಸುವಂತಿಲ್ಲ. ಪ್ರತಿ ಆಕಾಶದ ಎಡಮೂಲೆಯಲ್ಲಿ ಒಂದು ಬೂದು ಮಚ್ಚೆ ಕಾಣಿಸಿಕೊಂಡಿತು. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು ಅಗಲಿಸಿದರೆ ಅದು ಮಸುಕಾಗುತ್ತದೆ ಎಂಬುದಷ್ಟೇ ಸಮಾಧಾನ.

ರಾತ್ರಿ ಧರ್ಮಶಾಲೆಯಲ್ಲಿ ಕುಳಿತು ಚಿತ್ರಗಳನ್ನು ಫೋನಿಗೆ ಇಳಿಸಿ, ಉಚಿತವಾಗಿ ಸಿಗುವ ಸ್ನ್ಯಾಪ್‌ಸೀಡ್ ಎಂಬ ಆ್ಯಪ್‌ನಲ್ಲಿ ತಿದ್ದುತ್ತಿದ್ದೆ. ಮಾಡಿದ್ದು ಹೆಚ್ಚೇನಿಲ್ಲ. ಓರೆಯಾದ ದಿಗಂತವನ್ನು ನೇರ ಮಾಡಿದೆ, ಅಂಚಿನಲ್ಲಿ ನುಸುಳಿದ ಮೋಟರ್‌ಸೈಕಲ್ಲನ್ನು ಕತ್ತರಿಸಿದೆ, ಮಚ್ಚೆಯನ್ನು ಅಳಿಸಿದೆ. ಕಪ್ಪು ಕುದುರೆಯನ್ನು ಕಂಡು ಕತ್ತಲೆಂದು ಭ್ರಮಿಸಿದ ಕ್ಯಾಮೆರಾ ಅದನ್ನು ಬೂದಿಬಣ್ಣಕ್ಕೆ ಏರಿಸಿತ್ತು, ನುಕ್ರಾ ಎಂಬ ಬಿಳಿ ಕುದುರೆಯನ್ನು ಮಣ್ಣುಬಣ್ಣಕ್ಕೆ ಇಳಿಸಿತ್ತು. ಒಂದರ ಬೆಳಕನ್ನು ತಗ್ಗಿಸಿ ಇನ್ನೊಂದರದ್ದನ್ನು ಹೆಚ್ಚಿಸಿದಾಗ ಎರಡೂ ತಮ್ಮ ಬಣ್ಣಕ್ಕೆ ಬಂದವು. ಕಣ್ಣಿನ ಮೇಲೆ ಮಾತ್ರ ಬೆರಳಿಟ್ಟು ಒಂದು ಎಳೆ ಬೆಳಕು ಕೂಡಿಸಿದರೆ ಚಿತ್ರ ಉಸಿರಾಡುತ್ತದೆ. ಎರಡು ಎಳೆಯಾದರೆ ಕುದುರೆಗೆ ಗಾಜಿನ ಕಣ್ಣು ಬಂದುಬಿಡುತ್ತದೆ.

ಅಲ್ಲಿನ ಕುದುರೆಗಳನ್ನು ಮುಂದೆಯೂ ಹಿಂದೆಯೂ ಹಗ್ಗದಿಂದ ಗೂಟಕ್ಕೆ ಕಟ್ಟಿರುತ್ತಾರೆ. ಮುದುಕನ ಹೆಣ್ಣುಕುದುರೆಯ ಒಂದು ಒಳ್ಳೆಯ ಚಿತ್ರದಲ್ಲಿ ಹಿಂಗಾಲಿನ ಹಗ್ಗ ಕಣ್ಣಿಗೆ ಚುಚ್ಚುತ್ತಿತ್ತು. ಅರ್ಧ ತಾಸು ಕೂತು, ಬೆರಳಿನ ತುದಿಯಿಂದ ಗುಲಗಂಜಿಯಷ್ಟಗಲ ಉಜ್ಜಿ ಉಜ್ಜಿ, ಅದನ್ನು ಪೂರ್ತಿ ಮಾಯಮಾಡಿದೆ. ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಹೆಮ್ಮೆಯಿಂದ ಅವನಿಗೆ ತೋರಿಸಿದೆ. ಅವನು ಫೋನನ್ನು ಕೈಗೆ ತೆಗೆದುಕೊಂಡು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಹಗ್ಗ ಹೋಗಿದ್ದರೂ ಅದರ ಎಳೆತಕ್ಕೆ ಸೆಟೆದ ಕಾಲು ಹಾಗೆಯೇ ಹಿಂದಕ್ಕೆ ನಿಂತಿತ್ತು. ಕುಂಟುತ್ತಿದೆಯೇ ಎಂದು ಕೇಳಿದವನು ನನ್ನ ಉತ್ತರಕ್ಕೂ ಕಾಯದೆ ಎದ್ದು ಹೋಗಿ, ಕುದುರೆಯ ಹಿಂಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಗೊರಸಿನ ಸಂದಿಯ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದು ನೋಡತೊಡಗಿದ.