ಪಿ. ರಾಮ್ಲಿ ಹಾಡುಗಳ ಡಿಜಿಟಲೀಕರಣ: ಅರಗಿನ ಪ್ಲೇಟುಗಳ ಕಂತು

ಮಲಯ್ ಚಿತ್ರರಂಗದ ನಟ-ಗಾಯಕ ಪಿ. ರಾಮ್ಲಿಯ ಹಾಡುಗಳಲ್ಲಿ ಮೊದಲ ಕಂತಿನ 78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟುಗಳು ಮುಗಿದಿವೆ. ಇದರಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಈಕ್ವಲೈಸೇಶನ್, ಅಂದರೆ ಪ್ಲೇಟು ಕೊರೆಯುವಾಗ ಏರಿಳಿಸಿದ ದಪ್ಪ-ಚೂಪು ಸದ್ದುಗಳನ್ನು ಮತ್ತೆ ಸರಿತೂಗಿಸುವುದು.

ಚಿತ್ರ ನಿರ್ದೇಶಕ ಬಿ. ಎಸ್. ರಾಜ್‌ಹನ್ಸ್ ಕರೆಸಿಕೊಂಡು ಪೆನಾಂಗಿನ ರಾಮ್ಲಿ ಸಿಂಗಪುರದ ಜಾಲನ್ ಅಂಪಾಸ್ ಸ್ಟುಡಿಯೋ ಸೇರಿದ್ದು 1948ರಲ್ಲಿ, 19ರ ವಯಸ್ಸಿಗೆ. 'ಚಿಂತಾ' ಚಿತ್ರದಲ್ಲಿ ನಾಯಕ ರೂಮಾಯ್ ನೂರ್‌ಗೆ ಹಿನ್ನೆಲೆ ಹಾಡಿದರು, ಎಲ್. ಕೃಷ್ಣನ್ ನಿರ್ದೇಶಿಸಿದ 'ಬಕ್ತಿ'ಯಲ್ಲಿ (1950) ತಾವೇ ನಾಯಕರಾದರು, ಕಂಠವೂ ತಮ್ಮದೇ. 1955ಕ್ಕೆ 'ಪೆನಾರಿಕ್ ಬೆಚಾ' ನಿರ್ದೇಶಿಸಿದರು, 1960ರಲ್ಲಿ 'ಗೆತಾರನ್ ಜಿವಾ' ಹಾಡು ಬಂತು. ಅಷ್ಟರೊಳಗೆ ಅರಗಿನ ಪ್ಲೇಟು ಹೋಗಿ ವಿನೈಲ್ ಬರುತ್ತಿತ್ತು, ಧ್ವನಿ ಕೊರೆಯುವ ಕ್ರಮವೂ ಬದಲಾಗಿತ್ತು. ಎಲ್ಲವನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಎತ್ತಿಕೊಂಡರೆ 1950ರ ರಾಮ್ಲಿ ಮೂಗು ಕಟ್ಟಿದವರಂತೆ ಕೇಳುತ್ತಾರೆ. ಗಾಯಕ ಬೆಳೆದ ಬಗೆ ತಿಳಿಯಬೇಕೆಂದರೆ ಮೊದಲು ಯಂತ್ರದ ವ್ಯತ್ಯಾಸ ಕಳೆಯಬೇಕು.

ತೊಳೆಯುವುದು. ವಿನೈಲ್‌ಗೆ ಮಾರುವ ದ್ರವಗಳಲ್ಲಿ ಆಲ್ಕೋಹಾಲ್ ಇರುವುದುಂಟು. ಅದು ಅರಗನ್ನೇ ಕರಗಿಸುತ್ತದೆ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಮೆದು ಬ್ರಷ್ ಗೆರೆಯುದ್ದಕ್ಕೆ ಆಡಲಿ, ಅಡ್ಡಕ್ಕೆ ಬೇಡ. ಲೇಬಲ್ ನೆನೆಯಬಾರದು. ಅಂಚು ಒಡೆದ ಪ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡಿ. ಒಳಗಿನ ಪುಡಿ ನೀರು ಹೀರಿ ಉಬ್ಬುತ್ತದೆ. ಇಲ್ಲಿರುವ ಎಚ್‌ಎಂವಿ ಪ್ಲೇಟುಗಳ ಮೇಲೆ 'ಮೇಡ್ ಇನ್ ಇಂಡಿಯಾ' ಎಂದಿದೆ. ಅಚ್ಚಾದದ್ದು ಕಲ್ಕತ್ತೆಯ ದಮ್‌ದಮ್‌ನಲ್ಲಿ. ನಮ್ಮ ಹಳೆಯ ಕನ್ನಡ ಪ್ಲೇಟುಗಳದ್ದೂ ಅದೇ ತವರು. ಆ ಸರ್ರೆನ್ನುವ ಸದ್ದಿನ ಪರಿಚಯ ಇದ್ದವರಿಗೆ ಹೊಸದೇನಿಲ್ಲ.

ಮುಳ್ಳು. 78ಕ್ಕೆ 3 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ ಸುಮಾರು 76 ಮೈಕ್ರಾನ್. ಭಾರ 4 ಗ್ರಾಂ. ಎಲ್‌ಪಿಯ 0.7 ಮಿಲ್ ಮುಳ್ಳು ಗೆರೆಯ ತಳಕ್ಕಿಳಿದು ಬರೀ ಕಸ ಓದುತ್ತದೆ. ಸವೆದ ಪ್ಲೇಟಿಗೆ 2.5 ಮತ್ತು 3.5 ಎರಡನ್ನೂ ಹಾಕಿ ನೋಡಿ. ಹಳೆಯ ಉಕ್ಕಿನ ಮುಳ್ಳು ತಾಗದ ಎತ್ತರ ಸಿಕ್ಕರೆ ಗದ್ದಲ ಗಣನೀಯವಾಗಿ ಇಳಿಯುತ್ತದೆ.

ವೇಗ. ವೇಗ ಸರಿಯಿದ್ದರೆ ಸ್ಟ್ರೋಬ್ ಬಿಲ್ಲೆಯ ಗೆರೆಗಳು ದೀಪದ ಮಿಣುಕಿನಡಿ ನಿಂತಂತೆ ಕಾಣುತ್ತವೆ. ಬಿಲ್ಲೆಯಲ್ಲಿ 50 ಹರ್ಟ್ಸ್‌ಗೆ 77 ಗೆರೆ, ಅಂದರೆ ನಿಮಿಷಕ್ಕೆ 77.92 ಸುತ್ತು. ಎಲ್‌ಇಡಿ ಬಲ್ಬಿನಡಿ ಗೆರೆ ನಿಂತಂತೆ ಕಾಣದಿರಬಹುದು. ಹಳೆಯ ಟ್ಯೂಬ್‌ಲೈಟ್ ಹಚ್ಚಿ. ವೇಗ ಶೇ. 2 ತಪ್ಪಿದರೆ ಶ್ರುತಿ ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಜಾರುತ್ತದೆ, ದನಿಯ ವಯಸ್ಸೂ ಬದಲಾದಂತೆ ಕೇಳುತ್ತದೆ. ಪಿಯಾನೊ ಇರುವ ಹಾಡಿನಲ್ಲಿ ಅದರ ಶ್ರುತಿ ತಾಳೆ ನೋಡಿ, ಗಾಯಕನದ್ದಲ್ಲ.

ರೆಕಾರ್ಡಿಂಗ್. ಪ್ಲೇಟು ಮೋನೋ ಆದರೂ ಸ್ಟೀರಿಯೋದಲ್ಲೇ, 24 ಬಿಟ್, 96 ಕಿಲೋಹರ್ಟ್ಸ್. ಗೆರೆಯ ಎರಡು ಗೋಡೆಗಳಲ್ಲಿ ಕಡಿಮೆ ಸವೆದದ್ದನ್ನು ಆಮೇಲೆ ಆರಿಸಬಹುದು, ಇಲ್ಲವೇ ಕೂಡಿಸಿ ಮೇಲೆ-ಕೆಳಗಿನ ಅಲುಗಾಟ ಕಳೆಯಬಹುದು. ಪ್ರಿಆಂಪ್‌ನಲ್ಲಿ (ಮುಳ್ಳಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಆರ್‌ಐಎಎ, ಅಂದರೆ ವಿನೈಲ್‌ನ ಸಾಮಾನ್ಯ ಈಕ್ವಲೈಸೇಶನ್, ತಪ್ಪಿಸಲು ಬಾರದಿದ್ದರೆ ಸಾಫ್ಟ್‌ವೇರ್‌ನಲ್ಲಿ ಅದನ್ನು ತಿರುಗಿಸಿ ಹಾಕಿ ಸಪಾಟು ಮಾಡಿಕೊಳ್ಳಿ. ಆರ್‌ಐಎಎ 10 ಕಿಲೋಹರ್ಟ್ಸ್‌ನಲ್ಲಿ 13.7 ಡೆಸಿಬಲ್ ಕತ್ತರಿಸುತ್ತದೆ. ಮೊದಲಿನ ಎಚ್‌ಎಂವಿ ಪ್ಲೇಟಿಗೆ ಆ ಕಡಿತ ಬೇಡವೇ ಬೇಡ: 250 ಹರ್ಟ್ಸ್‌ನ ಕೆಳಗೆ ಎತ್ತಿ, ಮೇಲಿನದನ್ನು ಹಾಗೇ ಬಿಡಿ. ಐವತ್ತರ ದಶಕದ ನಡುವಿನ ಪ್ಲೇಟುಗಳು ಕಿರಿಕಿರಿ. ಹೊಸ ಕ್ರಮ ಯಾವ ಪ್ಲೇಟಿನಿಂದ ಶುರು ಎಂದು ಲೇಬಲ್ ಹೇಳುವುದಿಲ್ಲ. 'ಸ' ಅಕ್ಷರ ಚುಚ್ಚದಂತಾಗುವವರೆಗೆ ಕಿವಿಯಲ್ಲೇ ಹೊಂದಿಸಬೇಕು.

ಕ್ಲಿಕ್ ತೆಗೆಯುವುದು ಈಕ್ವಲೈಸೇಶನ್‌ಗೆ ಮೊದಲು, ಕ್ಲಿಕ್ ಇನ್ನೂ ಚೂಪಾಗಿರುವಾಗಲೇ. ಇಲ್ಲೇ ಒಂದು ಇಡೀ ಸುತ್ತಿನ ಕೆಲಸ ಹಾಳಾಯಿತು. ರಾಮ್ಲಿಯ ರುಂಬಾ, ಚಾಚಾ ಧಾಟಿಯ ಹಾಡುಗಳಲ್ಲಿ ಕ್ಲೇವ್ಸ್ ಕೋಲುಗಳ ಟಕ್ ಸದ್ದನ್ನೂ ಸಾಫ್ಟ್‌ವೇರ್ ಕ್ಲಿಕ್ ಎಂದೇ ಓದುತ್ತದೆ. ತೆಗೆದುಹಾಕಿದ್ದನ್ನಷ್ಟೇ ಬೇರೆಯಾಗಿ ಕೇಳಿ. ಅದರಲ್ಲಿ ತಾಳ ಸಿಕ್ಕರೆ ಮಿತಿ ಸಡಿಲಿಸಿ, ಆ ಭಾಗವನ್ನು ಕೈಯಿಂದಲೇ ಮಾಡಿ.

ಮುಂದಿನ ಕಂತು ಗಾಯಕಿ ಸಲೋಮಾ ಜೊತೆಗಿನ ಯುಗಳಗೀತೆಗಳ 45ರ ವಿನೈಲ್. ಅದಕ್ಕೆ 1 ಮಿಲ್ ಮುಳ್ಳು, ನೇರ ಆರ್‌ಐಎಎ. ನಡುತೂತು ಸವೆದು ಪ್ಲೇಟು ಓಲಾಡುತ್ತಿದ್ದರೆ ಸ್ಪಿಂಡಲ್ ತೆಗೆದು ಕಣ್ಣಳತೆಯಲ್ಲಿ ನಡು ಕೂರಿಸಬೇಕು.