ಲಿಸ್ಬನ್‌ನ ಕೊನೆಯ ಆರು ದಿನ: ವಾಸ್ಕೋದಿಂದ ಹೋದವಳ ಲೆಕ್ಕ

ಜೂನ್ 10 ಪೋರ್ಚುಗಲ್ ದೇಶಕ್ಕೆಲ್ಲ ರಜೆ. ಜೂನ್ 13 ಲಿಸ್ಬನ್ ನಗರಕ್ಕೆ ರಜೆ, ಅಂದು ಸಂತ ಅಂತೋನಿಯ ಹಬ್ಬ. ಈ ಎರಡು ತಾರೀಖುಗಳು ಮೊದಲೇ ತಿಳಿದಿದ್ದರೆ ನಾನು ಓದು ಮುಗಿಸಿ ಊರಿಗೆ ಮರಳಲು ಜೂನ್ 14ರ ಶನಿವಾರಕ್ಕೆ ವಿಮಾನದ ಟಿಕೆಟ್ ತೆಗೆಸುತ್ತಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಕೈಯಲ್ಲಿವೆ ಎಂದು ನಿಶ್ಚಿಂತೆಯಿಂದ ಇದ್ದೆ. ಮಂಗಳವಾರ, ಶುಕ್ರವಾರ ಎರಡೂ ರಜೆಯೆಂದು ತಿಳಿದಾಗ ಕಚೇರಿ ತೆರೆದಿರುವ ದಿನಗಳು ಮೂರೇ ಉಳಿದವು. ಬ್ಯಾಂಕು, ಕಾಲೇಜಿನ ಕಚೇರಿ, ಮನೆಯ ಠೇವಣಿ, ಅಂಚೆ ಎಲ್ಲವೂ ಆ ಮೂರರಲ್ಲಿ ಮುಗಿಯಬೇಕಿತ್ತು. ಒಂದು ಸೆಮಿಸ್ಟರ್ ಓದಲು ಅಲ್ಲಿಗೆ ಹೊರಟಿರುವ ನಮ್ಮ ಗೋವಾದ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಮೊದಲು ಆ ದೇಶದ ರಜೆಗಳ ಪಟ್ಟಿ ನೋಡಿ, ಆಮೇಲೆ ಟಿಕೆಟ್ ತೆಗೆಸಿ. ವೀಸಾ ಮುಗಿಯುವ ದಿನಕ್ಕೂ ವಿಮಾನಕ್ಕೂ ನಡುವೆ ಎರಡು ದಿನವಾದರೂ ಬಿಡಿ. ದಾರಿಯ ವಿಮಾನವೊಂದು ರದ್ದಾದರೆ ಆ ಎರಡು ದಿನವೇ ನಿಮ್ಮನ್ನು ಕಾಯುತ್ತವೆ.

ನನ್ನ ಬಗ್ಗೆ ಎರಡೇ ಮಾತು. ಅಪ್ಪ ವಿಜಯಪುರ ಜಿಲ್ಲೆಯಿಂದ ಗೋವಾದ ಮುರಗಾಂವ್ ಬಂದರಿನ ಕೆಲಸಕ್ಕೆ ಬಂದು ಅಲ್ಲಿನ ವಾಸ್ಕೋ ಪಟ್ಟಣದಲ್ಲೇ ನಿಂತವರು. ಗೋವಾದಿಂದ ಪೋರ್ಚುಗಲ್‌ಗೆ ಹೋದವಳು ಎಂದರೆ ಅಲ್ಲಿ ಎಲ್ಲರೂ ಪೋರ್ಚುಗೀಸ್ ಪಾಸ್‌ಪೋರ್ಟ್ ಇದೆಯೇ ಎಂದು ಕೇಳುತ್ತಾರೆ. ಪೋರ್ಚುಗೀಸರ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಆ ದಾರಿ ಇದೆ. ಜೋಳದ ಸೀಮೆಯಿಂದ ಬಂದ ನಮಗೆ ಇಲ್ಲ. ಹಾಗಾಗಿ ವೀಸಾದ ತಾರೀಖು ಎಂಬ ಭೂತ ನಮ್ಮ ಬೆನ್ನಿಗೇ ಇರುತ್ತದೆ, ನಮ್ಮ ತರಗತಿಯ ಫರ್ನಾಂಡಿಸ್‌ಗಳ ಬೆನ್ನಿಗೆ ಇರುವುದಿಲ್ಲ.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೋದೆ. ಅಂಕಪಟ್ಟಿ ಆಮೇಲೆ ಮಿಂಚಂಚೆಯಲ್ಲಿ ಬರುತ್ತದೆ, ಅದಕ್ಕೆ ಕಾಯಬೇಕಾಗಿಲ್ಲ. ಆದರೆ ಇಷ್ಟು ದಿನ ಇಲ್ಲಿದ್ದಳು ಎಂಬ ಪತ್ರಕ್ಕೆ ಸಹಿ ಮತ್ತು ಮುದ್ರೆ ಕೈಯಾರೆ ಆಗಬೇಕು, ಊರಿನ ಕಾಲೇಜು ಅದನ್ನೇ ಕೇಳುವುದು. ವಿದ್ಯಾರ್ಥಿಗಳ ಕಿಟಕಿ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ. ನಾನು ತಲುಪಿದ್ದು ಅದು ಮುಚ್ಚುವುದಕ್ಕೆ ಹತ್ತು ನಿಮಿಷ ಇರುವಾಗ.

ಬ್ಯಾಂಕಿನ ವಿಷಯದಲ್ಲಿ ನಾನು ಮಾಡಲು ಹೊರಟಿದ್ದ ತಪ್ಪನ್ನು ಹಿರಿಯ ವಿದ್ಯಾರ್ಥಿನಿಯೊಬ್ಬಳು ತಡೆದಳು. ಹೊರಡುವ ಮುನ್ನ ಖಾತೆ ಮುಚ್ಚಿಬಿಟ್ಟರೆ ಮನೆಯ ಠೇವಣಿ ಎಲ್ಲಿಗೆ ಬರುತ್ತದೆ? ಹಲವು ಮನೆಯೊಡೆಯರು ಠೇವಣಿಯನ್ನು ನೀವು ಬಿಟ್ಟುಹೋದ ಮೇಲೆ, ನೀರು ಮತ್ತು ವಿದ್ಯುತ್ತಿನ ಕೊನೆಯ ಬಿಲ್ ಬಂದ ಮೇಲೆ ಕೊಡುತ್ತಾರೆ. ಖಾತೆಯನ್ನು ತೆರೆದೇ ಇಡಿ. ಬ್ಯಾಂಕಿನ ಒಟಿಪಿ ಬರುವ ಅಲ್ಲಿನ ಸಿಮ್ ಕಾರ್ಡನ್ನೂ ಉಳಿಸಿಕೊಳ್ಳಿ. ಊರಿನ ಸಿಮ್‌ಗೆ ಹೊರಡುವ ಹಿಂದಿನ ದಿನವೇ ಮನೆಯವರಿಂದ ರೀಚಾರ್ಜ್ ಮಾಡಿಸಿ. ತಿಂಗಳುಗಟ್ಟಲೆ ಬಿಟ್ಟ ಸಂಖ್ಯೆ ಕೈತಪ್ಪಿ ಹೋದರೆ ಮುಂಬೈಯಲ್ಲಿ ಇಳಿದು ಒಂದು ಟ್ಯಾಕ್ಸಿ ಕರೆಯುವುದೂ ಕಷ್ಟ.

ಠೇವಣಿ ಎಂದೆನಲ್ಲ, ಅದರ ಕಥೆ ಅರಿಶಿನದ ಕಥೆ. ನನ್ನ ಕೋಣೆ ಇದ್ದದ್ದು ಆರೊಯುಶ್ ಎಂಬ ಬಡಾವಣೆಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಅಡುಗೆಮನೆಯ ಮೇಜಿಗೆ ಮನೆಯೊಡತಿ ಹಾಸಿದ್ದ ಬಿಳಿ ಹತ್ತಿಯ ಬಟ್ಟೆಯ ಮೇಲೆ ನಾಲ್ಕು ತಿಂಗಳ ಒಗ್ಗರಣೆ ಹಳದಿ ನಕಾಶೆ ಬರೆದಿತ್ತು. ಸೋಮವಾರ ರಾತ್ರಿ ಸೋಪು ಹಚ್ಚಿ ಉಜ್ಜಿದೆ. ಹಳದಿ ಕಲೆಗಳೆಲ್ಲ ಕೆಂಪಾದವು! ಕೊಲೆ ನಡೆದ ಮೇಜಿನಂತೆ ಕಾಣುತ್ತಿತ್ತು. ಗೋವಾದಲ್ಲಿ ಆಗ ನಡುರಾತ್ರಿ ದಾಟಿತ್ತು, ಆದರೂ ಅವ್ವನಿಗೆ ಫೋನ್ ಮಾಡಿದೆ.

“ಅಯ್ಯ ಹುಚ್ಚಿ, ಆರತಿಗೆ ಓಕುಳಿ ಹೇಗೆ ಮಾಡುತ್ತಾರೆ? ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುವುದಿಲ್ಲವೇ? ಸೋಪೂ ಹಾಗೆಯೇ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕು, ತಾನೇ ಹೋಗುತ್ತದೆ. ಈಗ ಮಲಗಲು ಬಿಡು.”

ಜೂನ್ ತಿಂಗಳಲ್ಲಿ ಲಿಸ್ಬನ್‌ನ ಬಿಸಿಲಿಗೆ ಕೊರತೆಯಿಲ್ಲ, ರಾತ್ರಿ ಒಂಬತ್ತರವರೆಗೂ ಬೆಳಕು. ಕಿಟಕಿಯ ಹೊರಗಿನ ಹಗ್ಗದ ಮೇಲೆ ಎರಡು ದಿನ ಬಟ್ಟೆ ನೇತಾಡಿತು. ಬುಧವಾರ ಸಂಜೆಗೆ ನೆರಳಿನಷ್ಟೂ ಕಲೆ ಉಳಿದಿರಲಿಲ್ಲ. ಆದರೂ ಒಲೆಯ ಹಿಂದಿನ ಗೋಡೆಯ ಎಣ್ಣೆ ಸಿಡಿತಕ್ಕೆ ಮನೆಯೊಡತಿ ಮೂವತ್ತು ಯೂರೋ ಹಿಡಿದುಕೊಂಡಳು. ಆ ಸಿಡಿತ ನನಗಿಂತ ಮುಂಚಿನದು ಎಂದು ತೋರಿಸಲು ನನ್ನ ಬಳಿ ಫೋಟೋ ಇರಲಿಲ್ಲ. ನೀವು ಕೋಣೆಗೆ ಕಾಲಿಟ್ಟ ದಿನವೇ ಗೋಡೆ, ಒಲೆ, ಹಾಸಿಗೆ, ಸ್ನಾನದ ಮನೆ ಎಲ್ಲದರ ಫೋಟೋ ತೆಗೆದು ಮನೆಯೊಡೆಯರಿಗೇ ಮಿಂಚಂಚೆ ಮಾಡಿ. ಕೊನೆಯ ದಿನದ ಜಗಳ ಮೊದಲ ದಿನವೇ ತೀರ್ಮಾನವಾಗಿರುತ್ತದೆ.

ಓಡಾಟದ ಖರ್ಚಿನಲ್ಲಿ ಒಂದು ಸಣ್ಣ ಜಾಣತನ. ಅಲ್ಲಿನ ಮಾಸಿಕ ಪಾಸು ತಿಂಗಳ ಒಂದನೇ ತಾರೀಖಿನಿಂದ ಕೊನೆಯವರೆಗೆ ನಡೆಯುತ್ತದೆ, ಕೊಂಡ ದಿನದಿಂದ ಮೂವತ್ತು ದಿನವಲ್ಲ. ಇಡೀ ಲಿಸ್ಬನ್ ಪ್ರದೇಶಕ್ಕೆ ಅದು 40 ಯೂರೋ. ತಿಂಗಳ ನಡುವೆ ಹೊರಡುವವರು ಅದನ್ನು ಬಿಟ್ಟು, ಅರ್ಧ ಯೂರೋದ ನವೆಗಾಂತ್ ಕಾಗದದ ಕಾರ್ಡು ಕೊಂಡು ಅದಕ್ಕೆ ಹಣ ತುಂಬಿಸಿ. ಇದನ್ನು ಅಲ್ಲಿ ಜ್ಯಾಪಿಂಗ್ ಎನ್ನುತ್ತಾರೆ. ಮೆಟ್ರೋ, ಬಸ್ಸು, ಟ್ರಾಮ್, ನದಿಯ ಫೆರ್ರಿ ಎಲ್ಲಕ್ಕೂ ಅದೇ ಕಾರ್ಡು ನಡೆಯುತ್ತದೆ.

ನೋಡದೆ ಉಳಿದ ಜಾಗಗಳನ್ನೆಲ್ಲ ಕೊನೆಯ ವಾರದಲ್ಲಿ ನೋಡಿ ಮುಗಿಸುತ್ತೇನೆ ಎಂದು ನಾನೂ ಪಟ್ಟಿ ಮಾಡಿದ್ದೆ, ಹದಿನೇಳು ಹೆಸರು. ನೋಡಿದ್ದು ಮೂರು. ಹೆಸರುವಾಸಿ 28ನೇ ಟ್ರಾಮ್ ಹತ್ತಲೇ ಇಲ್ಲ. ಅದು ಹೊರಡುವ ಮಾರ್ತಿಂ ಮೊನೀಜ್ ಚೌಕದಲ್ಲಿ ಸರತಿ ನೋಡಿದರೆ ತಿರುಪತಿ ನೆನಪಾಗುತ್ತದೆ. ಹತ್ತಲೇಬೇಕು ಎನ್ನುವವರು ಇನ್ನೊಂದು ತುದಿಯಾದ ಕಾಂಪು ದಿ ಒರೀಕ್‌ಗೆ ಹೋಗಿ ಬೆಳಿಗ್ಗೆ ಬೇಗ ಹತ್ತಿ. ಚೀಲ ಎದೆಯ ಮುಂದಿರಲಿ, ಜೇಬುಗಳ್ಳರಿಗೂ ಅದು ಅಚ್ಚುಮೆಚ್ಚಿನ ಗಾಡಿ.

ನೋಡಿದ ಮೂರರಲ್ಲಿ ಮೊದಲನೆಯದು ಅಪ್ಪನ ಬೇಡಿಕೆ. “ನಮ್ಮೂರಿಗೆ ಯಾರ ಹೆಸರಿದೆಯೋ ಅವನ ಗೋರಿ ಅಲ್ಲಿದೆಯಂತೆ, ಒಂದು ಫೋಟೋ ಕಳಿಸು” ಎಂದು ಫೆಬ್ರವರಿಯಿಂದ ಹೇಳುತ್ತಿದ್ದರು. ಗೋರಿ ಇರುವುದು ಲಿಸ್ಬನ್‌ನ ಬೆಲೆಮ್ ಬಡಾವಣೆಯ ಜೆರೋನಿಮಸ್ ಮಠದ ಚರ್ಚಿನಲ್ಲಿ. ಸೋಮವಾರ ಅದಕ್ಕೆ ರಜೆ, ನಾನು ಹೋದದ್ದು ಬುಧವಾರ. ಮಠದ ಒಳಾಂಗಣಕ್ಕೆ ಟಿಕೆಟ್ ಬೇಕು, ಸಾಲೂ ಉದ್ದ. ಚರ್ಚಿಗೆ ಟಿಕೆಟ್ ಇಲ್ಲ, ಅದರ ಸಾಲೇ ಬೇರೆ. ಇದು ತಿಳಿಯದೆ ಮುಕ್ಕಾಲು ಗಂಟೆ ತಪ್ಪು ಸಾಲಿನಲ್ಲಿ ಬೆಂದೆ. ಒಳಗೆ ಕಾಲಿಟ್ಟೊಡನೆ ಒಂದು ಬದಿಗೆ ವಾಸ್ಕೋ ಡ ಗಾಮಾ, ಇನ್ನೊಂದು ಬದಿಗೆ ಕವಿ ಕಮೋಯಿಶ್. ಗಾಮಾ ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ, ಮೊದಲು ಹೂಳಿದ್ದೂ ಅಲ್ಲೇ. ಮೂಳೆಗಳನ್ನು 1539ರಲ್ಲಿ ಪೋರ್ಚುಗಲ್‌ಗೆ ತಂದರು, ಈ ಚರ್ಚಿಗೆ ತಂದದ್ದು 1880ರಲ್ಲಿ. ಕಲ್ಲಿನ ಹಾಸಿಗೆಯ ಮೇಲೆ ಕಲ್ಲಿನ ಗಾಮಾ ಎದೆಯ ಮೇಲೆ ಕೈ ಜೋಡಿಸಿ ಮಲಗಿದ್ದಾನೆ, ಕೆಳಗೆ ಹಡಗಿನ ಕೆತ್ತನೆ. ಫೋಟೋ ಕಳಿಸಿದೆ. ಬಂದರಿನಲ್ಲಿ ಮೂವತ್ತು ವರ್ಷ ಹಡಗು ತುಂಬಿಸಿದ ಅಪ್ಪ ಬರೆದ ಉತ್ತರ ಇಷ್ಟೇ: “ಈಗ ಕೈ ಮುಗಿದು ಏನು ಪ್ರಯೋಜನ?”

ಅಲ್ಲಿಂದ ನಾಲ್ಕು ಹೆಜ್ಜೆಗೆ 1837ರಿಂದ ನಡೆಯುತ್ತಿರುವ ಪಾಸ್ತೆಯಿಶ್ ದಿ ಬೆಲೆಮ್ ಅಂಗಡಿ. ಕಡುಬಿನ ಗಾತ್ರದ ಕೆನೆಭರಿತ ಸಿಹಿ ತಿನಿಸು, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಮೊಟ್ಟೆ ತಿನ್ನದವರು ದೂರವಿರಿ, ಅದರ ಜೀವವೇ ಹಳದಿ ಲೋಳೆ. ಊರಿಗೆ ಒಯ್ಯುವ ಆಸೆ ಬೇಡ. ಮರುದಿನಕ್ಕೆ ಅದು ಮೆತ್ತಗಾಗುತ್ತದೆ.

ಎರಡನೆಯದು ಫೆರ್ರಿ. ಕಾಯಿಶ್ ದು ಸೊದ್ರೆಯಿಂದ ತೇಜೋ ನದಿ ದಾಟಿ ಕಸಿಲ್ಯಾಶ್‌ಗೆ ಹತ್ತು ನಿಮಿಷ. ಪ್ರವಾಸಿ ದೋಣಿಗಳು ಹತ್ತಾರು ಯೂರೋ ಕೇಳುವ ನೋಟವನ್ನೇ ಇದು ಬಸ್ಸಿನ ಟಿಕೆಟ್ಟಿನ ದರದಲ್ಲಿ ತೋರಿಸುತ್ತದೆ. ಪಣಜಿಯಿಂದ ಬೆತಿಂಗೆ ಮಾಂಡೋವಿ ದಾಟಿದವರಿಗೆ ಇದರ ರುಚಿ ಗೊತ್ತು: ಕೆಲಸ ಮುಗಿಸಿದವರ ದಣಿದ ಮುಖ, ಡೀಸೆಲ್ಲಿನ ವಾಸನೆ, ದಡ ತಾಗುವ ಮೊದಲೇ ಏಳುವ ಅವಸರ. ಆಚೆ ದಡದಲ್ಲಿ ನದಿಯ ಅಂಚಿಗೆ ನಿಂತರೆ 1966ರಲ್ಲಿ ತೆರೆದ ಕೆಂಪು ತೂಗುಸೇತುವೆ ಕಾಣುತ್ತದೆ. ಅಲ್ಲಿ ಒಂದೂವರೆ ಗಂಟೆ ಸುಮ್ಮನೆ ಕುಳಿತಿದ್ದೆ. ಆ ವಾರದ ನಿಜವಾದ ಪ್ರವಾಸ ಅದೊಂದೇ.

ಮೂರನೆಯದು ಹಬ್ಬ. 12ರ ರಾತ್ರಿ ಅಲ್ಫಾಮಾ ಎಂಬ ಹಳೆಯ ಬಡಾವಣೆಯ ಇಕ್ಕಟ್ಟಾದ ಓಣಿಗಳಲ್ಲಿ ಮನೆಮನೆಯ ಮುಂದೆ ಕೆಂಡದ ಮೇಲೆ ತಾರ್ಲೆ ಮೀನು ಸುಡುತ್ತಾರೆ, ಪಾವಿನ ತುಂಡಿನ ಮೇಲಿಟ್ಟು ಕೊಡುತ್ತಾರೆ. ಹಬ್ಬದ ರಾತ್ರಿ ಅದರ ಬೆಲೆಯೂ ಕೆಂಡದ ಮೇಲೆಯೇ ಇರುತ್ತದೆ. ಬಸ್ಸು ಟ್ರಾಮುಗಳನ್ನು ನಂಬಬೇಡಿ, ನಡೆದು ಹೋಗಿ ನಡೆದು ಬನ್ನಿ. ನಮ್ಮ ಗೋವಾದ ಶಿವೋಲಿ ಊರಿನ ಚರ್ಚಿನ ಸಂತ ಅಂತೋನಿ ಹುಟ್ಟಿದ್ದು ಇದೇ ಊರಿನಲ್ಲಿ. ಇಟಲಿಯ ಪಾಡುವಾದ ಅಂತೋನಿ ಎಂದು ನೀವೆಂದರೆ ಲಿಸ್ಬನ್‌ನವರು ಮುಖ ಸಿಂಡರಿಸುತ್ತಾರೆ. ಅವನು ಮದುವೆ ಕೂಡಿಸುವ ಸಂತ. ಹಬ್ಬಕ್ಕೆ ಪುಟ್ಟ ಕುಂಡದಲ್ಲಿ ದುಂಡನೆಯ ಗಿಡ, ಅದಕ್ಕೊಂದು ಕಾಗದದ ಹೂವು, ನಾಲ್ಕು ಸಾಲಿನ ಪದ್ಯ ಸಿಕ್ಕಿಸಿ ಕೊಡುವ ರೂಢಿ. ಗಿಡದ ಹೆಸರು ಮಂಜೆರಿಕು. ಮೂಗು ತಾಗಿಸಿ ಮೂಸಬಾರದು, ಅಂಗೈಯಿಂದ ಸವರಿ ಅಂಗೈಯನ್ನು ಮೂಸಬೇಕು. ಮೂಸಿದರೆ ಅದು ನಮ್ಮ ಹಿತ್ತಲಿನ ಕಾಮಕಸ್ತೂರಿಯ ತಂಗಿ! ಒಂದು ಕುಂಡ ಕೊಂಡೇಬಿಟ್ಟೆ. ಗಿಡ, ಬೀಜ, ಮಣ್ಣನ್ನು ಪರವಾನಗಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ ಎಂದು ನೆನಪಾದದ್ದು ಕೊಂಡ ಮೇಲೆ.

ಶುಕ್ರವಾರ ಇಡೀ ಊರು ನಿದ್ದೆಗಣ್ಣಿನಲ್ಲಿದ್ದಾಗ ನಾನು ಪೆಟ್ಟಿಗೆ ತುಂಬಿ ಮುಗಿಸಿದೆ. ತೂಕಕ್ಕೆ ಒಂದು ಉಪಾಯ: ನಮ್ಮ ಓಣಿಯ ಔಷಧ ಅಂಗಡಿಯಲ್ಲಿ ನಾಣ್ಯ ಹಾಕಿ ಮೈತೂಕ ನೋಡುವ ಯಂತ್ರವಿತ್ತು. ಗುರುವಾರವೇ ಪೆಟ್ಟಿಗೆ ಎತ್ತಿಕೊಂಡು ಒಮ್ಮೆ, ಇಳಿಸಿ ಒಮ್ಮೆ ನಿಂತು ಕಳೆದು ನೋಡಿದ್ದೆ. ನಾಲ್ಕು ಕಿಲೋ ಹೆಚ್ಚು. ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸೋಣವೆಂದು ವಿಚಾರಿಸಿದರೆ ಪುಸ್ತಕದ ಬೆಲೆಗಿಂತ ಅಂಚೆಯ ಬೆಲೆ ಹೆಚ್ಚಿತ್ತು, ಕಾಲೇಜಿನ ಗ್ರಂಥಾಲಯದ ಕಪಾಟಿಗೆ ಕೊಟ್ಟುಬಂದೆ. ಉಡುಗೊರೆಗೆ ಮೀನಿನ ಡಬ್ಬಿಗಳು ಚೆಂದ, ಆದರೆ ವಾಸ್ಕೋಗೆ ಮೀನು ಒಯ್ಯುವುದು ಬ್ಯಾಡಗಿಗೆ ಮೆಣಸಿನಕಾಯಿ ಒಯ್ದಂತೆ. ಪೋರ್ಟ್ ವೈನ್ ಒಯ್ಯುವವರು ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿ ಇಡಿ. ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್ ಮದ್ಯ. ಮಂಗಳವಾರ ಮತ್ತು ಶನಿವಾರ ಫೈರಾ ದ ಲಾದ್ರಾ ಎಂಬ ಹಳೆಯ ಸಾಮಾನಿನ ಸಂತೆಯಲ್ಲಿ ನೀಲಿ ಹಂಚುಗಳು ಕಣ್ಣು ಸೆಳೆಯುತ್ತವೆ. ಹಳೆಯವನ್ನು ಕೊಳ್ಳಬೇಡಿ. ಯಾರದೋ ಮನೆಯ ಗೋಡೆಯಿಂದ ಕದ್ದು ಕಿತ್ತವೂ ಅವುಗಳಲ್ಲಿ ಇರುತ್ತವೆ. ಹೊಸದಾಗಿ ಮಾಡಿದವೇ ಅಂಗಡಿಗಳಲ್ಲಿ ಸಿಗುತ್ತವೆ. ನಾಣ್ಯಗಳನ್ನು ಅಲ್ಲೇ ಕಾಫಿ ಕುಡಿದು ಮುಗಿಸಿ, ಇಲ್ಲಿನ ಹಣ ಬದಲಿಸುವವರು ನೋಟು ಮಾತ್ರ ತೆಗೆದುಕೊಳ್ಳುತ್ತಾರೆ.

ಹೆಚ್ಚಾದ ನಾಲ್ಕು ಕಿಲೋದಲ್ಲಿ ಮೂರು ಕಿಲೋ ಪ್ರೆಷರ್ ಕುಕ್ಕರ್, ಮಸಾಲೆ ಡಬ್ಬಿ ಮತ್ತು ಅರೆಯುವ ಕಲ್ಲು. ಮುಂದಿನ ಸೆಮಿಸ್ಟರ್‌ಗೆ ಉಳಿಯುವ ಧಾರವಾಡದ ಹುಡುಗಿಗೆ ಅವನ್ನು ಕೊಟ್ಟೆ. ಬಡಾವಣೆಯ ಹತ್ತಿರವೇ ಮಾರ್ತಿಂ ಮೊನೀಜ್ ಇದೆ, ಅಲ್ಲಿ ಬೇಳೆ, ಅಕ್ಕಿ, ಕರಿಬೇವು ಎಲ್ಲ ಸಿಗುತ್ತದೆ. ಒಳ್ಳೆಯ ಕುಕ್ಕರ್ ಮಾತ್ರ ಊರಿಂದಲೇ ಬರಬೇಕು. ಮಂಜೆರಿಕು ಕುಂಡವನ್ನು ಎದುರು ಮನೆಯ ಅಜ್ಜಿಗೆ ಕೊಟ್ಟೆ. ಅವಳು ಪದ್ಯ ಓದಿ ನಕ್ಕಳು, ಏನು ಬರೆದಿತ್ತೋ ನನಗೆ ಪೂರ್ತಿ ತಿಳಿಯಲಿಲ್ಲ. ಮನೆಯೊಡತಿ ಕೈಚಾಚಿ “ಶಾವ್” ಎಂದಳು. ನಾಲ್ಕು ತಿಂಗಳು ಅವಳ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ, ಇದು ಮಾತ್ರ ಬೇಗ ತಿಳಿಯಿತು. ನಮ್ಮ ಮನೆಯಲ್ಲೂ ಅದು ಚಾವಿಯೇ.

ವಿಮಾನ ನಿಲ್ದಾಣಕ್ಕೆ ಮೆಟ್ರೋದ ಕೆಂಪು ಮಾರ್ಗವಿದೆ, ಆದರೆ ಅದು ಆರಂಭವಾಗುವುದು ಬೆಳಿಗ್ಗೆ ಆರೂವರೆಗೆ. ಬೆಳಗಿನ ಜಾವದ ವಿಮಾನವಿದ್ದರೆ ಟ್ಯಾಕ್ಸಿಗೆ ಹಣ ಎತ್ತಿಡಿ. ‘ಗ್ರೆವ್’ ಎಂಬ ಪದ ಕಲಿತುಕೊಳ್ಳಿ, ಮುಷ್ಕರ ಎಂದರ್ಥ. ಮೆಟ್ರೋ, ರೈಲು ಎರಡಕ್ಕೂ ಅದು ಅಪರೂಪವಲ್ಲ. ಅಗ್ಗದ ವಿಮಾನಗಳು ಹೊರಡುವ ಎರಡನೇ ಟರ್ಮಿನಲ್ ಬೇರೆಯೇ ಇದೆ, ಒಂದನೆಯದರಿಂದ ಉಚಿತ ಬಸ್ಸಿನಲ್ಲಿ ಹೋಗಬೇಕು. ಪ್ರವಾಸಿಯಾಗಿ ಹೋದವರು ತೆರಿಗೆ ಬಿಟ್ಟು 50 ಯೂರೋ ದಾಟಿದ ಬಿಲ್ಲುಗಳಿಗೆ ಅಂಗಡಿಯಲ್ಲೇ ತೆರಿಗೆ ವಾಪಸಿನ ಕಾಗದ ಮಾಡಿಸಿಕೊಂಡಿದ್ದರೆ, ಪೆಟ್ಟಿಗೆ ಒಪ್ಪಿಸುವ ಮೊದಲೇ ಅಲ್ಲಿನ ಯಂತ್ರದಲ್ಲಿ ಅದನ್ನು ದಾಖಲಿಸಿ. ನಾನು ಅಲ್ಲಿ ವಾಸವಿದ್ದು ಓದಿದವಳು, ಕೇಳಲೂ ಹೋಗಲಿಲ್ಲ.

ಮುಂಬೈಯಲ್ಲಿ ಇಳಿದು ರಾತ್ರಿ ಸಿಎಸ್‌ಎಂಟಿ ನಿಲ್ದಾಣದಿಂದ ಕೊಂಕಣ ಕನ್ಯಾ ರೈಲು ಹತ್ತಿದೆ. ಜೂನ್ ನಡುವಿನಿಂದ ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ, ಗಾಡಿ ನಿಧಾನ, ಮುಂದಿನ ಸಂಪರ್ಕಗಳನ್ನು ಬಿಗಿಯಾಗಿ ಇಟ್ಟುಕೊಳ್ಳಬೇಡಿ. ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದ್ದು ಲಿಸ್ಬನ್‌ನಲ್ಲಿ ನಗೆಪಾಟಲಾಗಿತ್ತು, ಮಡಗಾಂವ್ ನಿಲ್ದಾಣದ ಹೊರಗೆ ಮಳೆಯಲ್ಲಿ ಗೋವಾ ಸರ್ಕಾರದ ಕದಂಬ ಬಸ್ಸಿಗೆ ಕಾಯುವಾಗ ಉಪಕಾರಕ್ಕೆ ಬಂತು. ಮನೆಯಲ್ಲಿ ಅವ್ವ ನನ್ನ ತಲೆ ಒರೆಸಿ, ಚಹಾ ಕೊಟ್ಟು, ಪೆಟ್ಟಿಗೆಯ ತಳದವರೆಗೂ ಕೈಹಾಕಿ ಹುಡುಕಿದಳು.

“ಕುಕ್ಕರ್ ಎಲ್ಲಿ?”