ತಂಬೂರಿಯ ಒಳಗಿನ ಗಾಂಧಾರ: ಶನಿವಾರದ ಕ್ಲಾಸಿನ ಟಿಪ್ಪಣಿ

ಮೊದಲ ಶನಿವಾರ

ಮೈಸೂರಿನ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ವಾರಕ್ಕೊಮ್ಮೆ ಸಂಗೀತ ಹೇಳಿಕೊಡುತ್ತೇನೆ. ಐದರಿಂದ ಏಳನೇ ಕ್ಲಾಸಿನವರೆಗಿನ 22 ಮಕ್ಕಳು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ನಡೆಯುತ್ತಿದೆ. ಇಷ್ಟು ದಿನ ಬರೀ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಹಾಡಿಸುತ್ತಿದ್ದೆ. ಈ ಸಲ ಹಳೇ ಲ್ಯಾಪ್‌ಟಾಪ್, ಫೋನಿನಲ್ಲಿ ತಂಬೂರಿ ಆಪ್, ಒಂದು ಸ್ಪೀಕರ್ ಸೇರಿಸಿದೆ. ಶ್ರುತಿ ಐದು ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ), ಅಂದರೆ ಷಡ್ಜ (ಸ) 196 ಹರ್ಟ್ಸ್. ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ ತಂತಿ 98ಕ್ಕೆ ಇಳಿಯುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ. ದೊಡ್ಡ ಸ್ಪೀಕರಿಗೆ ವೈರ್ ಹಾಕಿದ ಮೇಲೆ ಮಕ್ಕಳ ಕೂಗಾಟ ತಾನಾಗಿಯೇ ತಗ್ಗಿತು.

ಎರಡನೇ ಶನಿವಾರ

ಟ್ಯೂನರ್ ಆಪ್ ಹಾಕಿ ಒಬ್ಬೊಬ್ಬರನ್ನೇ ಹಾಡಿಸಿದೆ. ಮುಳ್ಳು ನಡುವೆ ನಿಂತರೆ ಹಸಿರು, ಇಲ್ಲದಿದ್ದರೆ ಕೆಂಪು. ಆರನೇ ಕ್ಲಾಸಿನ ಒಬ್ಬ ಹುಡುಗಿ ಗಾಂಧಾರ (ಗ) ಹಿಡಿದಳು. ತಂಬೂರಿಯ ಜೊತೆ ಎಷ್ಟು ಚೆನ್ನಾಗಿ ಸೇರಿತ್ತು ಅಂದರೆ ನನಗೆ ಮೈ ಜುಮ್ಮೆಂದಿತು. ಆಪ್ ಮಾತ್ರ ಕೆಂಪು ತೋರಿಸಿತು. ಮಗು ನಾಚಿಕೊಂಡು ಸ್ವರವನ್ನು ಸ್ವಲ್ಪ ಮೇಲೇರಿಸಿತು. ಹಸಿರು ಬಂತು, ಶ್ರುತಿ ಹೋಯಿತು.

ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. ತಂಬೂರಿಗೆ ಹೊಂದುವ ಅಂತರ ಗಾಂಧಾರ (ಈ ರಾಗದ ಗ) ಷಡ್ಜದ ಐದು ನಾಲ್ಕಾಂಶ, ಅಂದರೆ 245 ಹರ್ಟ್ಸ್. ಆಪ್ ಕೇಳುತ್ತಿದ್ದದ್ದು 246.9. ಅದು ಪಿಯಾನೋದ ಹಾಗೆ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿಕೊಂಡಿದೆ. ತಪ್ಪು ಹುಡುಗಿಯದಲ್ಲ. ಮೊದಲೇ ನೋಡಿಕೊಳ್ಳದೆ ಮಗುವಿನ ಮುಂದೆ ಆಪ್ ಇಟ್ಟವಳು ನಾನು. ಮುಂದಿನ ವಾರ ಎಲ್ಲರ ಎದುರಿಗೆ ಅವಳಿಗೆ ಹೇಳಲೇಬೇಕು ಅಂದುಕೊಂಡೆ.

ಮೂರನೇ ಶನಿವಾರ

ಹೇಳಿದೆ. ಬರೀ ಹೇಳಿದರೆ ಸಾಲದು, ತೋರಿಸಬೇಕಿತ್ತು. ತಂಬೂರಿಯನ್ನು ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನೊಳಗಿನ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ, ತೆರೆದೆ. ವಿಂಡೋ ಸೈಜ್ 8192ಕ್ಕೆ ಏರಿಸಿದ ಮೇಲೆ ಗೆರೆಗಳು ಬಿಡಿಬಿಡಿಯಾಗಿ ಕಂಡವು. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿನಲ್ಲಿ ಬೋರ್ಡಿನ ಮೇಲೆ ಬಿಟ್ಟೆವು. ಷಡ್ಜದ 196, ಅದರ ಎರಡು, ಮೂರು, ನಾಲ್ಕರಷ್ಟಾದ 392, 588, 784, ಅದರ ಮೇಲೆ ಐದರಷ್ಟಾದ 980. ಆ 980 ನಮ್ಮ 245ರ ನಾಲ್ಕರಷ್ಟು, ಅಂದರೆ ಎರಡು ಸ್ಥಾಯಿ ಮೇಲಿನ ಅದೇ ಗಾಂಧಾರ. ತಂಬೂರಿಗೆ ಗಾಂಧಾರದ ತಂತಿ ಇಲ್ಲ, ಆದರೂ ಗಾಂಧಾರ ಅದರೊಳಗೆ ತಾನೇ ಹುಟ್ಟುತ್ತದೆ. ಸ್ವಯಂಭೂ ಗಾಂಧಾರ ಅನ್ನುವುದು ಇದನ್ನೇ. ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು. ಎಲ್ಲರೂ ಕಣ್ಣು ಮುಚ್ಚಿ ಅದನ್ನು ಹುಡುಕಿದರು. ಒಬ್ಬ ಪುಟ್ಟ, 'ಮಿಸ್, ಸಿಕ್ತು, ಜೇನು ಗುಂಯ್ ಅಂದಂಗೆ ಮೇಲ್ಗಡೆ ಐತೆ' ಅಂದ.

ನಾಲ್ಕು, ಐದನೇ ಶನಿವಾರ

ಟ್ಯೂನರ್ ತೆಗೆದು ಪ್ರಾಟ್ ಹಾಕಿದೆ. ಮಾತಿನ ಸದ್ದನ್ನು ಅಳೆಯಲು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಚಿತ ಸಾಫ್ಟ್‌ವೇರ್ ಅದು. ಹಾಡಿದ್ದು ಗೆರೆಯಾಗಿ ಕಾಣುತ್ತದೆ. ಬೋರ್ಡಿನ ಮೇಲೆ ಬಿದ್ದ ಆ ಚಿತ್ರಕ್ಕೆ ನಮ್ಮದೇ ಸ್ವರಸ್ಥಾನಗಳನ್ನು ಸೀಮೆಸುಣ್ಣದಲ್ಲಿ ಎಳೆದೆ. ರಿಷಭ 209, ಗಾಂಧಾರ 245, ಮಧ್ಯಮ 261, ಪಂಚಮ 294, ಹೀಗೆ.

ತಂಬೂರಿ ಜೋರಾಗಿದ್ದರೆ ಪ್ರಾಟ್ ತಬ್ಬಿಬ್ಬಾಗುತ್ತದೆ, ಗೆರೆ ಎಲ್ಲೆಲ್ಲಿಗೋ ಹಾರುತ್ತದೆ. ಸ್ಪೀಕರನ್ನು ಕ್ಲಾಸಿನ ಹಿಂದಕ್ಕೆ ಒಯ್ದು, ಮೈಕನ್ನು ಬಾಯಿಯ ಹತ್ತಿರ ಹಿಡಿದರೆ ಸರಿಹೋಗುತ್ತದೆ.

ಜಾಸ್ತಿ ಉಪಯೋಗ ಆದದ್ದು ರಿಷಭಕ್ಕೆ. ಶುದ್ಧ ರಿಷಭ ಅಂತ ಎಷ್ಟು ಸಲ ಹೇಳಿದರೂ ಅರ್ಧ ಕ್ಲಾಸು 220ರ ಹತ್ತಿರ, ಒಂದು ಮೆಟ್ಟಿಲು ಮೇಲಿನ ಚತುಶ್ರುತಿ ರಿಷಭಕ್ಕೇ ಹೋಗುತ್ತಿತ್ತು. ಈಗ ಅವರೇ ನೋಡಿ, 'ಅಯ್ಯೋ, ಮೇಲೆ ಹೋಯ್ತು' ಅನ್ನುತ್ತಾರೆ. ಆದರೆ ಗೆರೆ ನೋಡುತ್ತಾ ಹಾಡಿದರೆ ದನಿ ಅದರ ಹಿಂದೆ ಓಡಿ ನಡುಗುತ್ತದೆ. ಅದಕ್ಕೇ ಬೋರ್ಡಿಗೆ ಬೆನ್ನು ಮಾಡಿ ಹಾಡುವುದು, ಮುಗಿದ ಮೇಲೆ ತಿರುಗಿ ನೋಡುವುದು.

ನಾನು ರಿಷಭಕ್ಕೆ ಗಮಕ ಹಾಕಿ, ಅಂದರೆ ಸ್ವರವನ್ನು ತೂಗಿಸಿ, ಹಾಡಿದಾಗ ಗೆರೆ ಅಲೆಯಾಯಿತು. 'ನಮ್ದು ನೆಟ್ಟಗೆ, ನಿಮ್ದು ಯಾಕೆ ಮಿಸ್ ಡೊಂಕು?' ಎಂದು ಕೇಳಿದರು. ಗಮಕದ ಪಾಠ ಅಲ್ಲೇ ಶುರುವಾಯಿತು. ಅದಕ್ಕೆ ಇನ್ನೂ ತಿಂಗಳುಗಟ್ಟಲೆ ಆಗಬಹುದು ಅಂದುಕೊಂಡಿದ್ದೆ.

ಮುಂದಿನ ವಾರಕ್ಕೆ

ಏಳನೇ ಕ್ಲಾಸಿನ ಇಬ್ಬರು ಹುಡುಗರಿಗೆ ದನಿ ಒಡೆಯುತ್ತಿದೆ. ಐದು ಮನೆಯಲ್ಲಿ ಪಂಚಮ ದಾಟುವಷ್ಟರಲ್ಲಿ ಸುಸ್ತಾಗುತ್ತಾರೆ, ಆಮೇಲೆ ಸುಮ್ನೆ ಬಾಯಿ ಆಡಿಸುತ್ತಾರೆ. ಅವರಿಗೆ ಇನ್ನೂ ತಗ್ಗಿನ ಎರಡು ಮನೆ ಶ್ರುತಿ ಇಟ್ಟು, ಬೇರೆ ಗೆರೆಗಳನ್ನು ಎಳೆದು, ಸ್ಕೂಲು ಬಿಟ್ಟ ಮೇಲೆ ಅರ್ಧ ಗಂಟೆ ಹಾಡಿಸಬೇಕು.